ಕಾಲುಚೀಲದೊಳಗಿನ ಊದುಗೊಳವೆ

ಅತ್ತೆಯನ್ನು ಬೆಂಗಳೂರಿನ ವಿಮಾನ ಹತ್ತಿಸಿ ಸಿಂಗಪುರದ ಚಾಂಗಿ ಏರ್‌ಪೋರ್ಟಿಂದ ಮನೆಗೆ ಬಂದ ಸಂಜೆ, ನನ್ನ ಗಂಡ ಶೂಸ್ ಕೂಡ ಬಿಚ್ಚದೆ ಮಾಡಿದ ಮೊದಲ ಕೆಲಸ ಅಂದರೆ ಅಡುಗೆಮನೆಗೆ ಸ್ಟೂಲ್ ಎಳೆದದ್ದು. ಅಮ್ಮ ಹೊರಟುಹೋದರು ಅಂತ ಟ್ಯಾಕ್ಸಿಯಲ್ಲಿ ಕೂತು ಮೂಗು ಒರೆಸಿಕೊಂಡ ಮನುಷ್ಯ ಇವನೇನಾ ಅಂತ ನನಗೇ ಅನುಮಾನ ಬಂತು. ಸ್ಟೂಲ್ ಹತ್ತಿ ಮೇಲಿನ ಕಪಾಟಿನಿಂದ ಒಂದು ರಟ್ಟಿನ ಡಬ್ಬ ಇಳಿಸಿದ. ನಮ್ಮ ಮದುವೆಗೆ ಬಂದ ಹಿತ್ತಾಳೆ ಸಾಮಾನೆಲ್ಲ ಅದರಲ್ಲಿತ್ತು. ದೀಪ, ಏಕಾರತಿ, ಪಂಚಪಾತ್ರೆ, ಎಲ್ಲವನ್ನೂ ಪಕ್ಕಕ್ಕೆ ಸರಿಸಿ ತಳಕ್ಕೆ ಕೈ ಹಾಕಿ ಒಂದು ಕಪ್ಪು ಕಾಲುಚೀಲ ಎಳೆದ. ಕಾಲುಚೀಲದೊಳಗೆ ಅವನ ಪ್ರಾಣ ಇತ್ತು.

ಅವನ ಭಾಷೆಯಲ್ಲಿ ಅದು ವೇಪ್. ನನ್ನ ಭಾಷೆಯಲ್ಲಿ ಊದುಗೊಳವೆ. ಸೌದೆ ಒಲೆ ಊದೋಕೆ ಇಟ್ಟುಕೊಳ್ತಿದ್ದರಲ್ಲ, ಅದೇ ಥರ ಹಿತ್ತಾಳೆಯ ಕೊಳವೆ, ಸ್ವಲ್ಪ ಗಿಡ್ಡ. ಒಳಗೆ ದಪ್ಪ ಬ್ಯಾಟರಿ, ತಳದಲ್ಲಿ ಒತ್ತೋ ಗುಂಡಿ, ತಲೆ ಮೇಲೆ ತಿರುಗಿಸಿ ಕೂರಿಸೋ ಗಾಜಿನ ಕುಪ್ಪಿ, ಕುಪ್ಪಿ ತುಂಬ ಮಾವಿನಹಣ್ಣಿನ ವಾಸನೆಯ ದ್ರವ. ಗುಂಡಿ ಒತ್ತಿದರೆ ಒಳಗಿನ ತಂತಿ ಕಾಯುತ್ತೆ, ತಂತಿಯೊಳಗೆ ತೂರಿಸಿದ ಹತ್ತಿಯಲ್ಲಿ ನೆನೆದ ದ್ರವ ಆವಿಯಾಗುತ್ತೆ, ಇವನು ಎಳೀತಾನೆ, ನಮ್ಮ ಹಾಲ್ ಮೋಡ ಕವಿದ ಹಾಗಾಗುತ್ತೆ. ಸಿಗರೇಟ್ ಬಿಡೋಕೆ ಅಂತ ಶುರು ಮಾಡಿದ್ದು. ಸಿಗರೇಟ್ ಬಿಟ್ಟ, ಇದು ಇವನನ್ನ ಬಿಡಲಿಲ್ಲ. ಆಗಿನ್ನೂ ಸೇದೋರ ಮೇಲೆ ಸಿಂಗಪುರದಲ್ಲಿ ಈಗಿನಷ್ಟು ಕಟ್ಟುನಿಟ್ಟು ಇರಲಿಲ್ಲ. ಮಾರೋದು, ತರಿಸೋದು ಮಾತ್ರ ಆಗಲೇ ತಪ್ಪು. ಹಾಗಾದರೆ ಇವನ ಕೈಗೆ ಹೇಗೆ ಬಂತು ಅಂತ ನನ್ನನ್ನ ಕೇಳಬೇಡಿ, ನಾನೂ ಕೇಳಿರಲಿಲ್ಲ.

ಯುಗಾದಿ ಕಳೆದ ಮೇಲೆ ನಮ್ಮತ್ತೆ ಮೈಸೂರಿಂದ ಬರೋದು ಅಂತ ಗೊತ್ತಾದಾಗ ಈ ಮನೆಯಲ್ಲಿ ಎರಡು ಬದಲಾವಣೆ ಆಗಬೇಕಾಯಿತು. ಒಂದು, ನಾನು ಗಂಡನಿಗೆ ಬಹುವಚನ ಹಾಕಬೇಕು. ಕಾಲೇಜಿಂದ 'ಲೋ' ಅಂತ ಕರೆದ ಬಾಯಲ್ಲಿ 'ರೀ, ಕಾಫಿ ತಗೊಳ್ಳಿ' ಅನ್ನೋದು ಎಂಥ ಶಿಕ್ಷೆ ಅಂತ ಅನುಭವಿಸಿದವರಿಗೇ ಗೊತ್ತು. ಎರಡು, ಊದುಗೊಳವೆ ಮಾಯವಾಗಬೇಕು. ಅಮ್ಮನ ಲೆಕ್ಕದಲ್ಲಿ ಇವನು ಕಾಫಿ ಬಿಟ್ಟು ಬೇರೆ ಚಟ ಇಲ್ಲದ ಮಗ. ಏರ್‌ಪೋರ್ಟಿಗೆ ಹೊರಡೋ ಮುಂಚೆ ಬ್ಯಾಟರಿ ತೆಗೆದು ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿದ, ಮಿಕ್ಕಿದ್ದನ್ನ ಕಾಲುಚೀಲದಲ್ಲಿ ಸುತ್ತಿ ಹಿತ್ತಾಳೆ ಡಬ್ಬದ ತಳದಲ್ಲಿ ಹೂತ. 'ಹಿತ್ತಾಳೆ ಜೊತೆ ಹಿತ್ತಾಳೆ. ಯಾರಿಗೆ ಗೊತ್ತಾಗುತ್ತೆ?' ಅಂದ. ತನ್ನ ಬುದ್ಧಿಯನ್ನ ತಾನೇ ಮೆಚ್ಚಿಕೊಂಡು ಲಿಫ್ಟಿನಲ್ಲೂ ನಗ್ತಿದ್ದ.

ನಮ್ಮತ್ತೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರ ಲೋಕದಲ್ಲಿ ಎಂಜಲು ಅನ್ನೋದು ಎಲ್ಲಕ್ಕಿಂತ ದೊಡ್ಡ ಕಾನೂನು. ಲೋಟ ತುಟಿಗೆ ತಾಗಿದರೆ ಎಂಜಲು, ಸೌಟಿಂದ ರುಚಿ ನೋಡಿದರೆ ಇಡೀ ಪಾತ್ರೆ ಎಂಜಲು, ಅದರ ಪಕ್ಕದ ಪಾತ್ರೆಯ ಮೇಲೂ ಸಂಶಯ. ಎಂಜಲಿಗೆ ಅರ್ಧ, ಮುಕ್ಕಾಲು ಅಂತ ಇಲ್ಲ. ಹಾಕರ್ ಸೆಂಟರ್ ಅನ್ನೋ ಇಲ್ಲಿನ ಊಟದಂಗಡಿಗಳ ಸಾಲಿನಲ್ಲಿ ಜನ ಒಂದೇ ಬಟ್ಟಲಿಗೆ ಮೂರು ಜೊತೆ ಕಡ್ಡಿ ಇಳಿಸಿ ನೂಡಲ್ಸ್ ತಿನ್ನೋದನ್ನ ನೋಡಿ ಅವರು ಬಾಯಿಗೆ ಸೆರಗು ಮುಚ್ಚಿಕೊಂಡು ಎದ್ದುಬಿಟ್ಟಿದ್ದರು. ಒಮ್ಮೆ ನಾನು ಕೋಸಂಬರಿಗೆ ಉಪ್ಪು ಸಾಕಾ ಅಂತ ಬೆರಳಲ್ಲಿ ನೆಕ್ಕಿ ನೋಡಿದ್ದಕ್ಕೆ, ಆ ಕೋಸಂಬರಿ ಪೂರ್ತಿ ನನ್ನ ತಟ್ಟೆಗೇ ಬಂತು. ಬೈಯಲಿಲ್ಲ, ಬಡಿಸಿದರು ಅಷ್ಟೆ.

ಬಂದ ವಾರವೇ ಅವರ ಕಣ್ಣು ಮೇಲಿನ ಕಪಾಟಿನ ಮೇಲೆ ಬಿತ್ತು. 'ಇಷ್ಟು ಹಿತ್ತಾಳೆ ಸಾಮಾನು ಇಟ್ಕೊಂಡು ದೇವರಿಗೆ ಪ್ಲಾಸ್ಟಿಕ್ ಬಟ್ಟಲಾ?' ಅಂದರು. ನಾನು ಆಫೀಸಿಗೆ ಹೋಗಿ ಬರೋ ಹೊತ್ತಿಗೆ ಡಬ್ಬ ಕೆಳಗಿಳಿದಿತ್ತು. ಪಕ್ಕದ ಮನೆಯ ಆಂಟಿಯ ಉದ್ದ ಕೈ ಸಹಾಯ ಮಾಡಿತ್ತಂತೆ. ಎಲ್ಲವನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು ಬಾಲ್ಕನಿಯ ಬಿಸಿಲಿಗೆ ಬೋರಲು ಹಾಕಿದ್ದರು.

ನಮ್ಮ ದೇವರ ಮನೆ ಅಂದರೆ ಫ್ಲ್ಯಾಟಿನ ಬಾಂಬ್ ಶೆಲ್ಟರು. ಇಲ್ಲಿನ ಹೊಸ ಫ್ಲ್ಯಾಟುಗಳಲ್ಲೆಲ್ಲ ದಪ್ಪ ಗೋಡೆ, ಕಬ್ಬಿಣದ ಬಾಗಿಲಿನ ಒಂದು ಗೂಡು ಇರುತ್ತೆ, ಕೆಲವರು ಅಲ್ಲಿ ಸೂಟ್‌ಕೇಸ್ ಇಡ್ತಾರೆ, ನಾವು ದೇವರನ್ನ ಇಟ್ಟಿದ್ದೀವಿ. ಶುಕ್ರವಾರ ಬೆಳಿಗ್ಗೆ ಕೈ ಮುಗಿಯೋಕೆ ಅಂತ ಬಗ್ಗಿ ನೋಡ್ತೀನಿ, ದೀಪದ ಪಕ್ಕ ಊದುಗೊಳವೆ ನಿಂತಿದೆ. ಗಾಜಿನ ಕುಪ್ಪಿ ಇಲ್ಲ, ಬರೀ ಕೊಳವೆ. ಫಳಫಳ ಹೊಳೀತಿದೆ, ಒಳಗೆ ಕುಂಕುಮ ತುಂಬಿದೆ. ಅತ್ತೆ ಅದನ್ನ ಕುಂಕುಮದ ಭರಣಿ ಅಂದುಕೊಂಡಿದ್ದರು.

ನಾನು ಬಾತ್‌ರೂಮಿಗೆ ಓಡಿಹೋಗಿ ನಲ್ಲಿ ತಿರುಗಿಸಿ ನಕ್ಕೆ. ಆಮೇಲೆ ಮುಖ ತೊಳೆದುಕೊಂಡು ಬಂದು ನೋಡಿದರೆ, ಇವನು ಆಫೀಸಿಗೆ ಹೊರಟು ಶೆಲ್ಟರಿನ ಬಾಗಿಲಲ್ಲಿ ನಿಂತಿದ್ದಾನೆ, ಕಣ್ಣು ಮುಚ್ಚಿ ಹಣೆ ಬಗ್ಗಿಸಿದ್ದಾನೆ. ಅತ್ತೆ ಎಡಗೈ ಮುಷ್ಟಿಯಲ್ಲಿ ಊದುಗೊಳವೆ ಹಿಡಿದು, ಬಲಗೈ ಬೆರಳು ಅದರೊಳಗೆ ಅದ್ದಿ ಅವನ ಹಣೆಗೆ ಇಡ್ತಿದ್ದಾರೆ. ಅವತ್ತಿಂದ ದೀಪಾವಳಿ ಮುಗಿಯೋವರೆಗೆ ದಿನಾ ಬೆಳಿಗ್ಗೆ ಇದೇ ನಡೀತು. ಇವನು ಒಂದು ದಿನವಾದರೂ ಕಣ್ಣು ಬಿಟ್ಟು ನೋಡಿದನಾ? ಇಲ್ಲ. ಭಕ್ತಿ ಅಂತ ಅಲ್ಲ, ನಿದ್ದೆ.

ಹೇಳಬಹುದಿತ್ತು ನಾನು. ಹೇಳಲಿಲ್ಲ. ಮೊದಮೊದಲು ತಮಾಷೆಗೆ ಸುಮ್ಮನಿದ್ದೆ. ಆಮೇಲೆ ಸುಮ್ಮನಿದ್ದದ್ದಕ್ಕೆ ಕಾರಣ ಬೇರೆ. ಸಿಗರೇಟಿನ ಕಾಲದಲ್ಲೂ ಊದುಗೊಳವೆಯ ಕಾಲದಲ್ಲೂ ಇವನು ಬೆಳಗಾದರೆ ಒಂದು ಕೆಮ್ಮು ಕೆಮ್ಮೋನು, ಅಲಾರಂ ಬೇಕಿರಲಿಲ್ಲ ನನಗೆ. ಡಾಕ್ಟರ್ ಹತ್ತಿರ ಬಾ ಅಂದರೆ ಜಗಳ. ಅತ್ತೆ ಬಂದು ಸ್ವಲ್ಪ ದಿನಕ್ಕೆ ಆ ಕೆಮ್ಮು ನಿಂತುಹೋಯಿತು. ಒಂದು ಬೆಳಿಗ್ಗೆ ನಾನು ಎಚ್ಚರಾಗದೆ ಮಲಗಿಬಿಟ್ಟು ಆಫೀಸಿಗೆ ಲೇಟಾದೆ. ಟ್ಯಾಂಪಿನೀಸಿಂದ ಬ್ಯೂನಾ ವಿಸ್ಟಾವರೆಗೂ ಎಂಆರ್‌ಟಿ ರೈಲಿನಲ್ಲಿ ನಿಂತುಕೊಂಡು ಹೋಗ್ತಾ, ಲೇಟಾಗಿದೆ ಅನ್ನೋ ಚಿಂತೆ ಬಿಟ್ಟು ನಗ್ತಾ ಹೋದೆ. ಆ ಕೆಮ್ಮು ಮತ್ತೆ ಈ ಮನೆಗೆ ಬರಬಾರದು, ನನಗೆ ಬೇಕಿದ್ದದ್ದು ಅಷ್ಟೇ.

ಈಗ ಆ ಸಂಜೆಗೆ ಬರೋಣ. ಅತ್ತೆ ಹೊರಡೋ ಮುಂಚೆ ಹಿತ್ತಾಳೆ ಸಾಮಾನೆಲ್ಲ ಪೇಪರಿನಲ್ಲಿ ಸುತ್ತಿ ಮತ್ತೆ ಡಬ್ಬಕ್ಕೆ ತುಂಬಿಟ್ಟಿದ್ದರು. ಇವನು ಊಟದ ಟೇಬಲ್ ಮೇಲೆ ಕಾಲುಚೀಲ ಬಿಚ್ಚಿದ. ಕೊಳವೆ ಬಂತು, ಕುಪ್ಪಿ ಬಂತು. 'ಏನ್ ಶೈನಿಂಗ್ ನೋಡೇ, ಇಟ್ಟಿದ್ದಕ್ಕಿಂತ ಚೆನ್ನಾಗಿದೆ' ಅಂದ. ನಾನು ಕೊತ್ತಂಬರಿ ಸೊಪ್ಪು ಬಿಡಿಸ್ತಾ ಹೌದಾ ಅಂದೆ. ಬ್ಯಾಟರಿ ಚಾರ್ಜಿಗೆ ಹಾಕಿದ, ಹಸಿರು ದೀಪ ಬರೋವರೆಗೂ ಬಾಲ ಸುಟ್ಟ ಬೆಕ್ಕಿನ ಹಾಗೆ ಹಾಲಿನಲ್ಲಿ ಓಡಾಡಿದ. ಆಮೇಲೆ ಬ್ಯಾಟರಿ ಕೊಳವೆಗೆ ಇಳಿಸಿ, ಕುಪ್ಪಿ ತಿರುಗಿಸಿ, ಗುಂಡಿ ಒತ್ತಿ ಎಳೆದ.

ಏನೂ ಆಗಲಿಲ್ಲ. ಮತ್ತೆ ಒತ್ತಿದ, ಮತ್ತೆ ಎಳೆದ. ಬರೀ ಗಾಳಿ ಬಂತು.

'ಲಾಂಗ್ ಗ್ಯಾಪ್ ಆಯ್ತಲ್ಲ, ಒಳಗಿನ ಹತ್ತಿ ಒಣಗಿರುತ್ತೆ' ಅಂತ ತನಗೆ ತಾನೇ ಹೇಳಿಕೊಂಡು ಕುಪ್ಪಿ ಬಿಚ್ಚಿದ. ಹತ್ತಿ ನಿಜಕ್ಕೂ ಕಂದು ಬಣ್ಣಕ್ಕೆ ತಿರುಗಿತ್ತು. ಬದಲಾಯಿಸೋಕೆ ಹೊಸ ಹತ್ತಿ ಇಲ್ಲ. ಇವನ ಕಣ್ಣು ನಿಧಾನಕ್ಕೆ ಶೆಲ್ಟರಿನ ಕಡೆ ತಿರುಗಿತು. ಅಲ್ಲಿ ಅತ್ತೆ ವರ್ಷಕ್ಕಾಗೋಷ್ಟು ಬತ್ತಿ ಹೊಸೆದಿಟ್ಟು ಹೋಗಿದ್ದರು.

'ದೇವರ ಬತ್ತಿಗೆ ಕೈ ಹಾಕಿದರೆ ನೋಡು' ಅಂದೆ.

'ಒಂದೇ ಒಂದು ಕಣೇ. ಪ್ಯೂರ್ ಕಾಟನ್ ಅದು.'

ಬತ್ತಿ ತಂತಿಯೊಳಗೆ ತೂರಿತು, ದ್ರವದಲ್ಲಿ ನೆನೆಯಿತು. ಗುಂಡಿ ಒತ್ತಿದ. ಆಗಲೂ ಗಾಳಿ. ಆಗ ಇವನು ನನ್ನ ಕಡೆ ತಿರುಗಿ, ಮದುವೆಯಾದ ಮೇಲೆ ಎಂದೂ ಬಳಸದ ಮೆತ್ತಗಿನ ದನಿಯಲ್ಲಿ, 'ನೀನು ಟೆಸ್ಟರ್ ಅಲ್ವಾ, ಸ್ವಲ್ಪ ನೋಡಿಕೊಡೇ' ಅಂದ.

ಹೌದು, ನಾನು ಟೆಸ್ಟರ್. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕೋದೇ ನನ್ನ ಹೊಟ್ಟೆಪಾಡು. ಎಲ್ಲಿ ಕೆಟ್ಟಿದೆ ಅಂತ ಕಂಡುಹಿಡಿಯೋವರೆಗೆ ನನಗೆ ಊಟ ಸೇರಲ್ಲ, ಅದೊಂದು ಕೆಟ್ಟ ಅಭ್ಯಾಸ. ಇವನು ಫೋನ್ ಚಾರ್ಜರ್ ತರೋಕೆ ರೂಮಿಗೆ ಹೋದಾಗ ಬ್ಯಾಟರಿ ಹೊರಗೆ ಬೀಳಿಸಿ ನೋಡಿದೆ. ಬ್ಯಾಟರಿಯ ತಳಕ್ಕೆ ಸರಿಯಾಗಿ ನಡುವಲ್ಲಿ ಕೆಂಪಗೆ ಒಂದು ಬೊಟ್ಟು. ಕೊಳವೆಯ ತಳದಲ್ಲಿ, ಗುಂಡಿ ಬ್ಯಾಟರಿಗೆ ತಾಗೋ ಜಾಗದಲ್ಲಿ, ಕುಂಕುಮ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಕರೆಂಟ್ ದಾಟೋಕೆ ದಾರಿಯೇ ಇಲ್ಲ. ಎಣ್ಣೆ ಹಾಕಿ ಕಲಸಿದ ಕುಂಕುಮ ಅದು, ಮೈಸೂರಿಂದ ತಂದದ್ದು.

ಒಂದು ಒದ್ದೆ ಬಟ್ಟೆ, ಚಿಟಿಕೆ ಹೊಡೆಯೋಷ್ಟು ಹೊತ್ತು, ರಿಪೇರಿ ಮುಗೀತಿತ್ತು. ನಾನು ಬ್ಯಾಟರಿಯ ಬೊಟ್ಟನ್ನ ಚೂಡಿದಾರದ ತುದಿಯಲ್ಲಿ ಒರೆಸಿ, ಮತ್ತೆ ಒಳಗಿಳಿಸಿ, ಇವನು ಬಂದಾಗ ಗಂಭೀರವಾಗಿ ತಲೆ ಅಲ್ಲಾಡಿಸಿದೆ.

'ಬ್ಯಾಟರಿ ಸತ್ತಿರಬೇಕು' ಅಂದೆ.

'ಹಸಿರು ದೀಪ ಬಂತಲ್ಲ?'

'ದೀಪ ಬಂದ ಮಾತ್ರಕ್ಕೆ? ಲೋಡ್ ಹಾಕಿದಾಗ ತಡೀಬೇಕಲ್ಲ' ಅಂದೆ. ಲೋಡ್ ಅನ್ನೋ ಪದ ಎಲ್ಲಿ ಹಾಕಿದರೂ ಕೆಲಸ ಮಾಡುತ್ತೆ.

ಮುಂದಿನ ಕೆಲವು ದಿನ ನನಗೆ ಆಫೀಸಿಗಿಂತ ಮನೆಯಲ್ಲೇ ಹೆಚ್ಚು ಕೆಲಸ. ಇವನು ಸಹೋದ್ಯೋಗಿಯ ಹತ್ತಿರ ಬೇರೆ ಬ್ಯಾಟರಿ ಇಸ್ಕೊಂಡು ಬಂದ, ಹೊತ್ತಲಿಲ್ಲ. ತಂತಿ ಬದಲಾಯಿಸಿದ, ಹೊತ್ತಲಿಲ್ಲ. ನಾನು ಹುಮಿಡಿಟಿ ಅಂದೆ, ಒಂದು ಸಂಜೆ ಅಕ್ಕಿ ಡಬ್ಬದಲ್ಲಿ ಹೂತಿಟ್ಟ. ತಂತಿಯ ಗೇಜ್ ಸರಿ ಇಲ್ಲ ಅಂದೆ, ಇಂಟರ್‌ನೆಟ್‌ನಲ್ಲಿ ಯಾವನೋ ಗಡ್ಡದವನ ವಿಡಿಯೋ ನೋಡ್ತಾ ಕೂತ. ಅಂಗಡಿಗೆ ತಗೊಂಡು ಹೋಗಿ ತೋರಿಸೋಣ ಅಂದರೆ ಈ ಊರಲ್ಲಿ ಅಂಥ ಅಂಗಡಿ ಇಲ್ಲ, ಇದ್ದರೂ ತೋರಿಸೋಕೆ ಹೋದರೆ ಮೊದಲು ನಮ್ಮ ರಿಪೇರಿ ಆಗುತ್ತೆ. ಇವನು ಬಿಚ್ಚಿ ಬಿಚ್ಚಿ ಜೋಡಿಸ್ತಿದ್ದ, ನಾನು ಪಕ್ಕದಲ್ಲಿ ಟಾರ್ಚ್ ಹಿಡಿದು ಬೆಳಕನ್ನ ಬೇಕಾದ ಜಾಗ ಬಿಟ್ಟು ಮಿಕ್ಕೆಲ್ಲ ಕಡೆ ಬಿಡ್ತಿದ್ದೆ. ಒಂದು ಕಡೆ ಖುಷಿ, ಇನ್ನೊಂದು ಕಡೆ ಸಂಕಟ. ಕಣ್ಣೆದುರಿಗೆ ಫಾಲ್ಟ್ ಇಟ್ಟುಕೊಂಡು ಗೊತ್ತಿಲ್ಲದ ಹಾಗೆ ಕೂರೋದು ನನ್ನಂಥವಳಿಗೆ ಸುಲಭ ಅಲ್ಲ.

ಭಾನುವಾರ ಬೆಳಿಗ್ಗೆ ಇವನು ಕೊಳವೆಯನ್ನ ಟೇಬಲ್ ಮೇಲೆ ಕುಕ್ಕಿ ಎದ್ದ. 'ಸಾಕಾಯ್ತು. ಕೆಳಗಡೆ ಮಿನಿ ಮಾರ್ಟಿಗೆ ಹೋಗಿ ಒಂದು ಪ್ಯಾಕ್ ತರ್ತೀನಿ' ಅಂದ.

'ಪ್ಯಾಕ್ ಏನು, ಬಿಸ್ಕತ್ತಾ?' ಅಂದೆ. ಗೊತ್ತಿದ್ದೂ ಕೇಳಿದೆ.

'ಸಿಗರೇಟ್.'

ನಾನು ಆಡ್ತಿದ್ದ ಆಟದಲ್ಲಿ ಈ ಬಾಗಿಲು ಇದೆ ಅಂತ ನನಗೆ ಹೊಳೆದೇ ಇರಲಿಲ್ಲ. ಊದುಗೊಳವೆ ಹೊತ್ತಬಾರದು ಅಂತ ನಾನು ಎಷ್ಟು ಗಟ್ಟಿಯಾಗಿ ಹಿಡಿದೆನೋ ಅಷ್ಟೇ ಜೋರಾಗಿ ಇವನನ್ನ ಆ ಮಿನಿ ಮಾರ್ಟಿನ ಕಡೆ ತಳ್ಳಿದ್ದೆ. ನನ್ನ ಮೇಲಿನ ಸಿಟ್ಟೆಲ್ಲ ಅವನ ಮೇಲೆ ತಿರುಗಿತು. 'ಕೂತ್ಕೊ ಇಲ್ಲಿ' ಅಂತ ಗದರಿದೆ. ಬ್ಯಾಟರಿ ತೆಗೆದು, ಕೊಳವೆಯ ತಳದ ಗುಂಡಿ ತಿರುಗಿಸಿ ಬಿಚ್ಚಿ, ಪೇಪರ್ ಮೇಲೆ ಕುಟ್ಟಿದೆ. ಕೆಂಪು ಪುಡಿ ಹೆಂಟೆಹೆಂಟೆಯಾಗಿ ಉದುರಿತು.

'ಇದೇ ನಿನ್ನ ಫಾಲ್ಟು.'

'ಏನಿದು? ತುಕ್ಕಾ?'

'ಹಿತ್ತಾಳೆಗೆ ಎಲ್ಲಾದರೂ ಕೆಂಪು ತುಕ್ಕು ಹಿಡಿಯುತ್ತೇನೋ? ಕುಂಕುಮ. ನಿಮ್ಮಮ್ಮ ದಿನಾ ನಿನ್ನ ಹಣೆಗೆ ಇಡ್ತಿದ್ದರಲ್ಲ, ಅದು. ಇದರಲ್ಲೇ ಇತ್ತು.'

ಇವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಹಣೆ ಮುಟ್ಟಿಕೊಂಡ. ಮೊದಲು ನಗು ಬಂತು ಅವನಿಗೆ, ಟೇಬಲ್ ಹಿಡಿದುಕೊಂಡು ನಕ್ಕ, ನಾನೂ ಸೇರಿಕೊಂಡೆ. ನಗ್ತಾ ನಗ್ತಾ ಇದ್ದಕ್ಕಿದ್ದ ಹಾಗೆ ನಿಂತುಬಿಟ್ಟ. 'ಇದು ಎಂಜಲು ಕಣೇ' ಅಂದ. 'ನಾನು ಬಾಯಿಗಿಟ್ಟಿದ್ದು. ಅಮ್ಮ ಇದನ್ನ ದೇವರ ಮುಂದೆ ಇಟ್ಟಿದ್ದಾರೆ. ಹಬ್ಬಕ್ಕೆಲ್ಲ ಇದರಿಂದಾನೇ ಪೂಜೆ ಮಾಡಿದ್ದಾರೆ.' ಬಾಯಿ ತಾಗೋದು ಮೇಲಿನ ಕುಪ್ಪಿಯ ತುದಿಗೆ ಮಾತ್ರ, ಕೊಳವೆಗೆ ತಾಗಲ್ಲ ಅಂತ ತಾನೇ ಒಂದು ವಾದ ಹೂಡಿದ, ಅಮ್ಮನ ಕಾನೂನು ನೆನಪಾಗಿ ತಾನೇ ಕೈಬಿಟ್ಟ. 'ಗೊತ್ತಾದರೆ ಅವರು ಊಟ ಬಿಡ್ತಾರೆ. ಯಾವತ್ತೂ ಹೇಳಬೇಡ. ಪ್ರಾಮಿಸ್ ಮಾಡು' ಅಂದ. ನಾನು ಮಾಡಿದೆ, ಮನಸ್ಸಿಂದಾನೇ ಮಾಡಿದೆ.

ನಾನು ಪ್ರಾಮಿಸ್ ಮಾಡಿದ ಕೈ ಇನ್ನೂ ಹಿಂದಕ್ಕೆ ತಗೊಂಡಿರಲಿಲ್ಲ, ಫೋನ್ ಬಂತು. ಭಾನುವಾರ ಬೆಳಿಗ್ಗೆ ಮೈಸೂರಿಂದ ಅತ್ತೆಯ ಫೋನ್ ಬಂದೇ ಬರುತ್ತೆ, ನನ್ನ ನಾದಿನಿಯ ಮನೆಯಿಂದ. ಇವನು ಸ್ಪೀಕರಿಗೆ ಹಾಕಿದ. ನಾನು ಕುಂಕುಮದ ಪೇಪರನ್ನ ಮಡಿಚಿಟ್ಟೆ, ಫೋನಿನಲ್ಲೇ ಅವರಿಗೆ ಕಂಡುಬಿಡುತ್ತೇನೋ ಅನ್ನೋ ಹಾಗೆ.

ತಿಂಡಿ ಏನು, ಮಳೆ ಬಂತಾ, ಬಾಲ್ಕನಿಯ ತುಳಸಿಗೆ ನೀರು ಹಾಕಿದ್ರಾ, ಎಲ್ಲ ಮುಗೀತು. ಆಮೇಲೆ ಅತ್ತೆ ಅದೇ ದನಿಯಲ್ಲಿ, 'ಹೊತ್ತಿಕೊಳ್ತೇನೋ?' ಅಂದರು.

'ಏನಮ್ಮ?'

'ಅದೇ, ಕಾಲುಚೀಲದಲ್ಲಿ ಇಟ್ಟಿದ್ಯಲ್ಲ.'

ಇವನು ನನ್ನನ್ನ ನೋಡಿದ. ನಾನು ಗೋಡೆ ನೋಡಿದೆ.

'ಅಮ್ಮ, ಅದು ಏನೋ... ನೀವು ಅದನ್ನ ಭರಣಿ ಅಂದ್ಕೊಂಡು...'

'ಕಾಲುಚೀಲದಲ್ಲಿ ಸುತ್ತಿಟ್ಟಿದ್ದನ್ನ ಯಾರಾದರೂ ದೇವರ ಸಾಮಾನು ಅಂದ್ಕೊಳ್ತಾರೇನೋ? ಕಣ್ಣಿಲ್ವಾ ನಂಗೆ? ಮೂಗಿಲ್ವಾ? ಬಿಚ್ಚಿದ ಕೂಡಲೇ ಮಾವಿನಹಣ್ಣಿನ ವಾಸನೆ ಬಂತು. ಪಕ್ಕದ ಮನೆ ಆಂಟಿಗೆ ತೋರಿಸಿ ಇದೇನು ಅಂತ ಕೇಳಿದೆ. ಅವರು ಸೇದೋ ಥರ ಮಾಡಿ ತೋರಿಸಿದರು, 'ಸ್ಮೋಕ್ ಲಾ' ಅಂದರು. ಗೊತ್ತಾಯ್ತು.'

ಕಾಲುಚೀಲ. ತಪ್ಪು ಹುಡುಕೋದೇ ಕೆಲಸವಾಗಿರೋ ನನಗೆ ಅದು ಹೊಳೆದಿರಲಿಲ್ಲ. ಅತ್ತೆ ತೆಗೆದದ್ದು ಕಾಲುಚೀಲದಿಂದ, ಕುಪ್ಪಿ ಸಮೇತ ವಾಪಸ್ ಇಟ್ಟದ್ದೂ ಅದೇ ಕಾಲುಚೀಲಕ್ಕೆ.

'ನಿನ್ನ ಹೆಂಡತಿಗೂ ಗೊತ್ತಿತ್ತು' ಅಂದರು ಅತ್ತೆ. 'ಪಾಪ, ನಗು ತಡೀಲಾರದೆ ಬಾತ್‌ರೂಮಿಗೆ ಓಡ್ತಿದ್ಲು. ನಾನೂ ಹಾಗೇ ದೇವರ ಮುಂದೆ ಕೂತು ಸೆರಗು ಕಚ್ಚಿಕೊಳ್ತಿದ್ದೆ.'

'ಅತ್ತೆ, ಇವರಿಗೆ ನಾನು ಹೇಳೋಣ ಅಂತಾನೇ...' ಅಂತ ನಾನು ಶುರು ಮಾಡಿದೆ.

'ಇವರಿಗೆ ಅಂತೆ. ಲೋ ಅಂತ ಬೈಯೋದೂ ನಂಗೆ ಕೇಳಿಸ್ತಿತ್ತಮ್ಮ, ನಿಮ್ಮ ಮನೆ ಗೋಡೆ ತೆಳ್ಳಗಿದೆ' ಅಂದರು.

ಇವನು ಕುರ್ಚಿಯ ತುದಿಗೆ ಬಂದು ಕೂತಿದ್ದ. ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದವರ ದನಿಯಲ್ಲಿ ಕೇಳಿದ. 'ಅಮ್ಮ, ಗೊತ್ತಿದ್ದೂ ಇಟ್ರಾ? ಅದು ಎಂಜಲಲ್ವಾ?'

ಫೋನಿನ ಆ ಕಡೆ ಕುಕ್ಕರ್ ಒಂದು ಸೀಟಿ ಹಾಕಿತು. ಅತ್ತೆ ಅದು ಮುಗಿಯೋವರೆಗೂ ಕಾದರು.

'ನಿನ್ನ ಎಂಜಲು ನಂಗೆ ಹೊಸದೇನೋ? ತುತ್ತು ಇಟ್ಟರೆ ಅರ್ಧ ನುಂಗಿ ಅರ್ಧ ಉಗೀತಿದ್ದೆ. ಆ ಅರ್ಧ ಎಲ್ಲ ಯಾರು ತಿಂದ್ರು ಅಂದ್ಕೊಂಡೆ?'

'ನೀವು ಸರಿ. ದೇವರಿಗೆ?'

'ದೇವರಿಗೆ ಹೇಳಿಯೇ ಇಟ್ಟೆ. ಎಂಜಲು ಅಂತ ಗೊತ್ತು, ಆದರೂ ಇಡ್ತೀನಿ, ಇವನ ಎದೆ ಚೆನ್ನಾಗಿರಲಿ ಅಂದೆ. ದಿನಾ ಅದನ್ನೇ ಹೇಳಿ ನಿನ್ನ ಹಣೆಗೆ ಇಟ್ಟೆ. ಹೊರಡುವಾಗ ಒಂದು ಚಿಟಿಕೆ ಅದರಲ್ಲೇ ಬಿಟ್ಟು ಬಂದಿದ್ದೀನಿ. ಇನ್ನು ನೀನುಂಟು, ಅದುಂಟು, ನಾನೇನೂ ಹೇಳಲ್ಲ. ಇಡ್ತೀನಿ, ಬೇಳೆ ಬೆಂದಿದೆ.'

ಫೋನ್ ಕಟ್ ಆಯಿತು. ಕೆಳಗೆ, ಬ್ಲಾಕಿನ ತಳದ ಖಾಲಿ ಅಂಗಳವಾದ ವಾಯ್ಡ್ ಡೆಕ್‌ನಲ್ಲಿ ಯಾರದೋ ಸೈಕಲ್ ಬೆಲ್ ಆಗ್ತಿತ್ತು. ನನಗೆ ಅಳು ಬಂದಿತ್ತು, ನಗುವೂ ಇತ್ತು. ಊದುಗೊಳವೆ ನಾಲ್ಕು ತುಂಡಾಗಿ ಟೇಬಲ್ ಮೇಲೆ ಬಿದ್ದಿತ್ತು. ಒಂದು ಒದ್ದೆ ಬಟ್ಟೆಯಲ್ಲಿ ಒರೆಸಿ ಜೋಡಿಸಿದರೆ ಹೊತ್ತುತ್ತೆ ಅಂತ ಈಗ ಇಬ್ಬರಿಗೂ ಗೊತ್ತಿತ್ತು. ನಾನು ಬಟ್ಟೆ ತಂದು ಅವನ ಪಕ್ಕದಲ್ಲಿ ಇಟ್ಟೆ. ಇನ್ನು ಟಾರ್ಚ್ ತಿರುಗಿಸೋ ಆಟ ನನಗೆ ಬೇಡವಾಗಿತ್ತು.

ಅವನು ಬಟ್ಟೆ ಮುಟ್ಟಲಿಲ್ಲ. ಬ್ಯಾಟರಿ ಒಂದು ಕಡೆ ಸರಿಸಿದ, ಗಾಜಿನ ಕುಪ್ಪಿ ಇನ್ನೊಂದು ಕಡೆ. ತಳದ ಗುಂಡಿಯನ್ನ ಮತ್ತೆ ತಿರುಗಿಸಿ ಕೂರಿಸಿ, ಬರೀ ಹಿತ್ತಾಳೆ ಕೊಳವೆಯನ್ನ ಕೈಗೆತ್ತಿಕೊಂಡು ಅಡುಗೆಮನೆಗೆ ಹೋದ. ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು, ಕಪಾಟಿನ ಬಾಗಿಲು ಒಂದಾದ ಮೇಲೆ ಒಂದು ತೆಗೆದು ಹಾಕಿದ ಸದ್ದು ಕೇಳಿಸಿತು. ಆಮೇಲೆ ಅಲ್ಲಿಂದಲೇ ಕೂಗಿ ಕೇಳಿದ.

'ಲೇ, ಹುಣಸೆಹಣ್ಣು ಎಲ್ಲಿಟ್ಟಿದ್ದೀಯ?'